ಓಣಿ ಹುಡುಕಿದವರು: ನಮ್ಮ ತಾಲೂಕುಗಳಿಂದ ಹುಬ್ಬಳ್ಳಿ-ಧಾರವಾಡಕ್ಕೆ

ಫಲಿತಾಂಶಗಳು ಬಂದು ಕಾಲೇಜುಗಳಲ್ಲಿ ಪ್ರವೇಶ ಆರಂಭವಾಯಿತೆಂದರೆ ನಮ್ಮ ಸಂಸ್ಥೆಯ ಕಚೇರಿಗೆ ಹಳ್ಳಿಗಳ ಪಾಲಕರು ಬರತೊಡಗುತ್ತಾರೆ. ಹಿಂದೆ ಅವರು ಕೇಳುತ್ತಿದ್ದುದು ಎರಡೇ ಮಾತು: ಸೀಟು ಸಿಗುತ್ತದೆಯೇ, ವಿದ್ಯಾರ್ಥಿವೇತನ ಸಿಗುತ್ತದೆಯೇ. ಈಚೆಗೆ ಮೂರನೆಯದೊಂದು ಸೇರಿದೆ. ಕಳೆದ ವರ್ಷ ನವಲಗುಂದ ತಾಲೂಕಿನ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿಗೆ ಧಾರವಾಡದಲ್ಲಿ ಬಿ.ಎಸ್‌ಸಿ. ಪ್ರವೇಶ ಆಗಿಹೋಗಿತ್ತು.

“ಸೀಟ ಸಿಕ್ಕೈತ್ರಿ ಸರ್. ಖೋಲಿ ಎಲ್ಲಿ ಹಿಡೀಬೇಕನ್ನೋದ ತಿಳೀವಲ್ದು. ನಮ್ಮವರು ಇರೋ ಓಣಿ ಕಾಲೇಜಿಗೆ ದೂರ ಆಗತೈತಿ. ಕಾಲೇಜಿನ ಹತ್ರ ನಮಗ ಯಾರೂ ಗುರ್ತಿಲ್ಲ. ಮಗ್ರಿಬ್ ಆದ ಮ್ಯಾಲ ಒಬ್ಬಾಕಿ ಹ್ಯಾಂಗ ನಡಕೊಂಡ ಬರತಾಳ್ರಿ?”

ನಾನು ಕೂಡಲೇ ಉತ್ತರ ಕೊಡಲಾರದೆ ಎರಡು ದಿನ ಬಿಟ್ಟು ಬರಲು ಹೇಳಿದೆ. ಅವರು ಹೋದ ಮೇಲೆ ಒಂದು ವಿಚಾರ ಮನಸ್ಸಿಗೆ ಹತ್ತಿತು. ಈ ಪ್ರಶ್ನೆ ಅವರೊಬ್ಬರದಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಜನ ಹುಬ್ಬಳ್ಳಿ-ಧಾರವಾಡಕ್ಕೆ ಬಂದು ನೆಲೆಸತೊಡಗಿದ ಕಾಲದಿಂದಲೂ ಇದನ್ನು ಕೇಳಿಕೊಂಡೇ ಬಂದಿದ್ದಾರೆ. ಯಾವ ಓಣಿಯಲ್ಲಿ ಇರೋಣ, ಅಲ್ಲಿಂದ ಕೆಲಸಕ್ಕೆ ಕಾಲ್ನಡಿಗೆಯಲ್ಲಿ ಹೋಗಿಬರಲಾದೀತೇ, ಮನೆಯ ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಓಡಾಡಬಹುದೇ? ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೊಂದು ಅಧ್ಯಾಯವಿಲ್ಲ. ಆದರೂ ನಮ್ಮ ಊರುಗಳ ಓಣಿಗಳ ಹೆಸರುಗಳಲ್ಲಿ, ಗೆಜೆಟಿಯರ್‌ಗಳಲ್ಲಿ, ಹಿರಿಯರ ನೆನಪುಗಳಲ್ಲಿ ಉತ್ತರದ ತುಣುಕುಗಳು ಚೆದುರಿ ಬಿದ್ದಿವೆ.

ಮೊದಲು ನವಲಗುಂದವನ್ನೇ ನೋಡೋಣ. ಅಲ್ಲಿಯ ಜಮಖಾನ ಗಲ್ಲಿಯ ಹೆಸರು ಕೇಳದವರು ನಮ್ಮ ಭಾಗದಲ್ಲಿ ಕಡಿಮೆ. ಆದಿಲಶಾಹಿ ಕಾಲದ ಯುದ್ಧಗಳಲ್ಲಿ ವಿಜಾಪುರ ಬಿಟ್ಟು ಬಂದ ನೇಕಾರ ಮನೆತನಗಳು ಇಲ್ಲಿ ನೆಲೆಸಿದವು ಎಂಬುದು ಆ ಗಲ್ಲಿಯವರು ತಲೆತಲಾಂತರದಿಂದ ಹೇಳಿಕೊಂಡು ಬಂದ ಮಾತು. ನೇಯುವವರು ಮುಸ್ಲಿಂ ಹೆಣ್ಣುಮಕ್ಕಳು. ಮಗ್ಗ ಇರುವುದು ಮನೆಯೊಳಗೆ, ಗೋಡೆಗೆ ನಿಲ್ಲಿಸಿದಂತೆ ನೆಟ್ಟಗೆ. ಪಗಡೆ ಹಾಸಿನ ವಿನ್ಯಾಸ, ನವಿಲು, ಗಾಢ ಬಣ್ಣಗಳ ಪಟ್ಟಿ: ಈ ಜಮಖಾನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮಾನ್ಯತೆ ಬಂದ ಮೇಲೂ ನೇಯುವವರ ಸಂಖ್ಯೆ ಇಳಿಯುತ್ತಲೇ ಹೋದದ್ದು ಬೇರೆ ದುಃಖದ ಕಥೆ. ಇಲ್ಲಿ ಗಮನಿಸಬೇಕಾದದ್ದು ಗಲ್ಲಿ. ಹೊಸ ಊರಿಗೆ ಬಂದವರು ಊರ ತುಂಬ ಚದುರಿಹೋಗದೆ ಒಂದೇ ಗಲ್ಲಿಯಲ್ಲಿ ಮನೆ ಮಾಡಿದರು. ಮನೆಯೇ ಕಾರ್ಖಾನೆಯಾದ್ದರಿಂದ ಹೆಣ್ಣುಮಕ್ಕಳು ಕೆಲಸಕ್ಕೆಂದು ಹೊರಗೆ ಹೋಗಬೇಕಾಗಿರಲಿಲ್ಲ. ನೂಲು ಸಾಲದಿದ್ದರೆ ಪಕ್ಕದ ಮನೆ, ಬಣ್ಣ ಕಲಸುವುದು ತಿಳಿಯದಿದ್ದರೆ ಎದುರಿನ ಮನೆ. ಕಸುಬು, ಭದ್ರತೆ, ನೆರೆಹೊರೆ ಮೂರೂ ನೂರು ಹೆಜ್ಜೆಯೊಳಗೆ ದೊರೆತವು. ಇಂದು ಹುಬ್ಬಳ್ಳಿ-ಧಾರವಾಡಕ್ಕೆ ಖೋಲಿ ಹುಡುಕಿ ಹೋಗುತ್ತಿರುವ ನಮ್ಮ ಮಕ್ಕಳ ಪೂರ್ವಜರಲ್ಲೇ ಕೆಲವರು ಹೀಗೆ ಓಣಿ ಹುಡುಕಿ ಬಂದವರು.

ಆದರೆ ಎಲ್ಲರಿಗೂ ಮನೆಯೊಳಗಿನ ಕಸುಬು ಇರಲಿಲ್ಲ. ಸಂತೆ, ವ್ಯಾಪಾರ, ಚಾಕರಿಗೆಂದು ದೊಡ್ಡ ಊರಿಗೆ ಹೋಗುವವರಿಗೆ ಭದ್ರತೆ ಬೇರೆ ಬಗೆಯಿಂದ ಸಿಗಬೇಕಿತ್ತು. ದಖ್ಖನ್ನಿನ ಆಡಳಿತದಲ್ಲಿ ಕೌಲು ಎಂಬ ಪತ್ರವೊಂದಿತ್ತು. ಹಾಳುಬಿದ್ದ ಊರನ್ನು ಮತ್ತೆ ತುಂಬಿಸಬೇಕಾದಾಗ, ಹೊಸ ಪೇಟೆ ಕಟ್ಟಬೇಕಾದಾಗ ಆಳುವವರು ವ್ಯಾಪಾರಿಗಳಿಗೂ ಕಸುಬುದಾರರಿಗೂ ಕೌಲು ಕೊಡುತ್ತಿದ್ದರು. ಬಂದು ನೆಲೆಸಿರಿ, ಮೊದಲ ಕೆಲವು ವರ್ಷ ತೆರಿಗೆ ಇಲ್ಲ ಅಥವಾ ಕಡಿಮೆ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಏರುತ್ತದೆ, ನಿಮ್ಮ ಜೀವಕ್ಕೂ ಮಾಲಿಗೂ ನಾವು ಹೊಣೆ ಎಂಬುದು ಅದರ ಸಾರಾಂಶ. ಇಂದಿನ ಬಾಡಿಗೆ ಕರಾರುಪತ್ರದಲ್ಲಿ ಡಿಪಾಜಿಟ್ ಎಷ್ಟು, ನೀರಿನ ಬಿಲ್ಲು ಯಾರು ಕಟ್ಟಬೇಕು ಎಂದೆಲ್ಲ ಇರುತ್ತದೆ. ನಿಮ್ಮ ಜೀವಕ್ಕೆ ನಾವು ಹೊಣೆ ಎಂಬ ಸಾಲು ಮಾತ್ರ ಇರುವುದಿಲ್ಲ!

ಹುಬ್ಬಳ್ಳಿ ಬೆಳೆದದ್ದು ಇಂಥ ಭರವಸೆಯ ಮೇಲೆಯೇ. 1673ರಲ್ಲಿ ಮರಾಠಾ ಸೈನ್ಯದ ಲೂಟಿಗೆ ಸಿಕ್ಕಿ, ಇಂಗ್ಲಿಷರ ಕೋಠಿಯೂ ಸೂರೆಹೋಗಿ, ಹಳೇ ಹುಬ್ಬಳ್ಳಿ ನಲುಗಿತ್ತು. ಮುಂದೆ ಊರು ಸವಣೂರು ನವಾಬರ ಕೈಗೆ ಬಂದಿತು. 1727ರ ಸುಮಾರಿಗೆ ನವಾಬ ಅಬ್ದುಲ್ ಮಜೀದ್ ಖಾನರ ಅನುಮತಿ ಪಡೆದು ಬಸಪ್ಪಶೆಟ್ಟರೆಂಬ ವ್ಯಾಪಾರಿ ಕೋಟೆ ಕಟ್ಟಿಸಿ, ಅದರ ಸುತ್ತ ಹೊಸ ಹುಬ್ಬಳ್ಳಿಯನ್ನು ಬೆಳೆಸಿದರು. ಮಜೀದಪುರ ಎಂಬ ಹೆಸರು ನವಾಬರದು, ದುರ್ಗದಬೈಲಿನ ಸುತ್ತಲಿನ ಪೇಟೆ ಶೆಟ್ಟರದು. ನವಾಬರ ಅಭಯ, ಶೆಟ್ಟರ ಬಂಡವಾಳ ಎರಡೂ ಕೂಡಿದಾಗ ಹುಟ್ಟಿದ ಊರು ಇದು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಹುಬ್ಬಳ್ಳಿಯ ಕೌಲಪೇಟೆಯ ಹೆಸರು ಕೇಳಿದಾಗಲೆಲ್ಲ ನನಗೆ ಆ ಹಳೆಯ ಪತ್ರದ ನೆನಪಾಗುತ್ತದೆ.

ಆ ಕಾಲದ ಪೇಟೆ ಕಾಲಿನ ಅಳತೆಗೆ ಕಟ್ಟಿದ್ದು. ಅಂಗಡಿ ಕೆಳಗೆ, ಮನೆ ಮೇಲೆ ಅಥವಾ ಹಿಂದೆ. ಬಾವಿ, ಮಸೀದಿ, ಮಠ, ಗುಡಿ, ಸಂತೆ ಎಲ್ಲವೂ ಕೂಗಳತೆಯಲ್ಲಿ. ರಾತ್ರಿ ಅಗಸಿ ಹಾಕುತ್ತಿದ್ದರು. ಜವಳಿ ಸಾಲು ಎಂದರೆ ಬಟ್ಟೆ ಅಂಗಡಿಗಳ ಸಾಲೇ. ಧಾರವಾಡದಲ್ಲಿ ಮಂಗಳವಾರ ಪೇಟೆ, ಶುಕ್ರವಾರ ಪೇಟೆ ಎಂದು ವಾರದ ಹೆಸರುಗಳೇ ಓಣಿಗಳಿಗೆ ಬಂದವು. ಇಕ್ಕಟ್ಟಾದ ಬೀದಿ ನಿಜ, ಗಟಾರದ ನಾತವೂ ಇತ್ತು. ಹಿಂದಿನದೆಲ್ಲ ಚೆನ್ನ ಎಂದು ನಾನು ಹೇಳಲಾರೆ. ಆದರೆ ಬೀದಿಯ ತುಂಬ ಕಟ್ಟೆಗಳಿದ್ದವು, ಕಟ್ಟೆಯ ಮೇಲೆ ಸದಾ ಜನರಿದ್ದರು. ಹೊಸಬನೊಬ್ಬ ಓಣಿಗೆ ಕಾಲಿಟ್ಟರೆ ಹತ್ತು ಹೆಜ್ಜೆ ಇಡುವಷ್ಟರಲ್ಲಿ “ಯಾರ ಮನಿಗೆ ಬಂದೀರಿ?” ಎಂಬ ಪ್ರಶ್ನೆ ಬರುತ್ತಿತ್ತು. ಅದು ಕುತೂಹಲವೂ ಹೌದು, ಕಾವಲೂ ಹೌದು.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದಿತು. ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆ, ಧಾರವಾಡದಲ್ಲಿ ಕಂಪನಿಯ ಕೇಂದ್ರ ಕಚೇರಿ. ಗದಗ ಮಾರ್ಗದಲ್ಲಿ ಅಣ್ಣಿಗೇರಿಗೆ, ಹರಿಹರದ ಮಾರ್ಗದಲ್ಲಿ ಕುಂದಗೋಳಕ್ಕೆ ನಿಲ್ದಾಣಗಳಾದವು. ನವಲಗುಂದಕ್ಕೆ ರೈಲು ಬರಲಿಲ್ಲ, ಕಾರವಾರ ರಸ್ತೆಯ ಮೇಲಿನ ಕಲಘಟಗಿಗೂ ಬರಲಿಲ್ಲ. ಈ ವ್ಯತ್ಯಾಸ ಸಣ್ಣದಲ್ಲವೆಂದು ನನ್ನ ಅಭಿಪ್ರಾಯ. ರೈಲಿದ್ದ ಊರಿನವನು ಮುಂಜಾನೆ ಹೋಗಿ ಸಂಜೆ ಮನೆಗೆ ಬರಬಲ್ಲ. ಅವನಿಗೆ ನಗರದಲ್ಲಿ ನಿಲ್ದಾಣದಿಂದ ಕೆಲಸದ ಜಾಗಕ್ಕೆ ನಡೆಯುವ ದಾರಿ ಒಂದಿದ್ದರೆ ಸಾಕು. ಚಕ್ಕಡಿಯನ್ನೇ ನಂಬಿದ ನವಲಗುಂದ, ಕಲಘಟಗಿಯವರು ಮಾತ್ರ ನಗರದಲ್ಲೇ ಮನೆ ಹಿಡಿಯಬೇಕಾಯಿತು. ಕಾರ್ಖಾನೆಯ ಭೋಂಗಾ ಕೇಳಿಸುವಷ್ಟು ದೂರದಲ್ಲಿ, ಗಡಿಯಾರವಿಲ್ಲದವನೂ ಹೊತ್ತಿಗೆ ಸರಿಯಾಗಿ ತಲುಪುವಂತೆ ಖೋಲಿ ಹಿಡಿಯುವುದು ಜಾಣತನವಾಗಿತ್ತು.

ಹೀಗೆ ಒತ್ತೊತ್ತಾಗಿ ಇದ್ದುದಕ್ಕೆ ದಂಡ ತೆರಬೇಕಾದ ದಿನಗಳೂ ಬಂದವು. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಡಿಯಿತು. ಮುಂಬಯಿ ಇಲಾಖೆಯಲ್ಲಿ ಅತ್ಯಂತ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಧಾರವಾಡವೂ ಒಂದು. ಹಾಫ್ಕಿನ್ ಸಿದ್ಧಪಡಿಸಿದ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನರಿಗೆ ಹಾಕಲಾಯಿತು. ವೈದ್ಯಶಾಸ್ತ್ರದ ಇತಿಹಾಸದಲ್ಲಿ ಇಂದಿಗೂ ಆ ಪ್ರಸ್ತಾಪ ಬರುತ್ತದೆ. ಜನ ಓಣಿ ಬಿಟ್ಟು ಹೊಲಗಳಲ್ಲಿ ತಟ್ಟಿ ಕಟ್ಟಿಕೊಂಡು ಇದ್ದರು. ಗಾಳಿ ಬೆಳಕಿಲ್ಲದ ಮನೆಯೂ ಅಪಾಯವೇ ಎಂಬುದು ಆಗ ಎಲ್ಲರಿಗೂ ತಿಳಿಯಿತು. ಬೆಂಗಳೂರಿನಲ್ಲಿ ಅದೇ ಕಾಲದಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆಗಳೊಂದಿಗೆ ಬೆಳೆದವು. ನಮ್ಮ ಕಡೆ ಅಂಥ ಬಡಾವಣೆಗಳು ಬರಲು ಇನ್ನೂ ಕಾಲ ಹಿಡಿಯಿತು. 1901ರ ಜನಗಣತಿಯಲ್ಲಿ ಹುಬ್ಬಳ್ಳಿಯ ಜನಸಂಖ್ಯೆ 60 ಸಾವಿರದಷ್ಟು, ಧಾರವಾಡದ್ದು ಅದರ ಅರ್ಧ.

ಓಣಿಯ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಒಬ್ಬ ಗಾಯಕಿಯ ಬದುಕು. ಗಂಗೂಬಾಯಿ ಹಾನಗಲ್ ಅವರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಬಾಲ್ಯ ಕಳೆದದ್ದು ಶುಕ್ರವಾರ ಪೇಟೆಯಲ್ಲಿ. ಸಂಗೀತವೇ ವೃತ್ತಿಯಾದ ಹೆಣ್ಣುಮಕ್ಕಳ ಮನೆತನ ಅವರದು. ಮೇಲ್ಜಾತಿಯವರೇ ಹೆಚ್ಚಾಗಿದ್ದ ಆ ಬೀದಿಯಲ್ಲಿ ನಡೆದುಹೋಗುವಾಗ ಜನ ಹೊರಗೆ ಬಂದು ‘ಗಾನೇವಾಲಿ’ ಎಂದು ಹಂಗಿಸುತ್ತಿದ್ದುದನ್ನು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ವಿಚಾರ ಮಾಡಿ ನೋಡಿರಿ. ಬೀದಿ ಚೊಕ್ಕಟವಾದದ್ದು, ಜನ ಓದಿದವರು, ಕಳ್ಳಕಾಕರ ಭಯವಿಲ್ಲ. ಆದರೂ ಒಬ್ಬ ಹುಡುಗಿಗೆ ಅಲ್ಲಿ ನೆಟ್ಟಗೆ ತಲೆಯೆತ್ತಿ ನಡೆಯುವಂತಿರಲಿಲ್ಲ. ಕಟ್ಟೆಯ ಮೇಲಿನ ಕಣ್ಣುಗಳನ್ನು ಮೇಲೆ ಕಾವಲು ಎಂದೆನಲ್ಲ, ಆ ಕಣ್ಣುಗಳೇ ಮುಳ್ಳಾಗುವುದೂ ಉಂಟು.

1928ರಲ್ಲಿ ಆ ಕುಟುಂಬ ಹುಬ್ಬಳ್ಳಿಗೆ ಬಂದಿತು, ಮಗಳಿಗೆ ಹಿಂದುಸ್ತಾನಿ ಸಂಗೀತದ ಪಾಠ ಆಗಬೇಕೆಂದು. ಮಗಳ ವಿದ್ಯೆಗಾಗಿ ಊರು ಬದಲಿಸಿದ ತಾಯಿ ಅಂಬಾಬಾಯಿ. 1930ರ ದಶಕದ ಕೊನೆಯಲ್ಲಿ ಗಂಗೂಬಾಯಿಯವರು ಸವಾಯಿ ಗಂಧರ್ವರ ಬಳಿ ಪಾಠಕ್ಕೆ ಹೋಗತೊಡಗಿದರು. ಗುರುಗಳು ಇದ್ದುದು ನಮ್ಮ ಕುಂದಗೋಳದಲ್ಲಿ. ಅದು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಊರು. ಹಳ್ಳಿಯಿಂದ ನಗರಕ್ಕೆ ಹೋಗಿ ಕಲಿಯುವುದು ನಮಗೆ ಗೊತ್ತು. ಇವರು ನಗರದಿಂದ ನಮ್ಮ ಊರಿಗೆ ಬಂದು ಕಲಿತರು. ಸಂಜೆ ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಕುಂದಗೋಳದಲ್ಲಿ ಇಳಿದು ಗುರುಗಳ ಮನೆಗೆ ನಡೆದು, ಪಾಠ ಮುಗಿಸಿ ರಾತ್ರಿ ಮರಳಿ ಹುಬ್ಬಳ್ಳಿಗೆ. ಒಂದು ದಿನವಲ್ಲ, ವರ್ಷಗಳ ಕಾಲ. ಅಂದರೆ ಕುಂದಗೋಳದ ನಿಲ್ದಾಣದಿಂದ ಊರೊಳಗಿನ ದಾರಿ, ಹುಬ್ಬಳ್ಳಿಯ ನಿಲ್ದಾಣದಿಂದ ಮನೆಯ ದಾರಿ, ಈ ಎರಡು ತುಂಡು ದಾರಿಗಳು ಕತ್ತಲಲ್ಲಿ ನಡೆಯಲು ಬಾರದಂತಿದ್ದರೆ ಆ ವಿದ್ಯೆ ಅಲ್ಲಿಗೇ ನಿಲ್ಲುತ್ತಿತ್ತು. ಕಿರಾಣಾ ಘರಾಣೆಯ ಆ ಗಂಭೀರ ಧ್ವನಿಯನ್ನು ದೇಶವೆಲ್ಲ ಕೇಳಿತು. ಪದ್ಮವಿಭೂಷಣದವರೆಗೆ ಗೌರವಗಳು ಬಂದವು. ಆ ರಾತ್ರಿಯ ರೈಲನ್ನೂ ನಡಿಗೆಯನ್ನೂ ನಾವು ಮರೆಯಬಾರದು.

ಅತ್ತ ಧಾರವಾಡ ವಿದ್ಯೆಯ ಊರಾಗುತ್ತಿತ್ತು. 1908ರಲ್ಲಿ ಸದರ್ನ್ ಮರಾಠಾ ರೈಲ್ವೆ ಮದ್ರಾಸ್ ರೈಲ್ವೆಯೊಡನೆ ಕೂಡಿದ ಮೇಲೆ ಕೇಂದ್ರ ಕಚೇರಿ ಮದ್ರಾಸಿಗೆ ಹೋಯಿತು. ಖಾಲಿಯಾದ ಆ ಭವ್ಯ ಕಟ್ಟಡ ಕರ್ನಾಟಕ ಕಾಲೇಜಿಗೆ ದೊರೆಯಿತು. ಕಾಲೇಜು ಆರಂಭವಾದದ್ದು 1917ರಲ್ಲಿ. ಹಳ್ಳಿಯ ಬಡ ಹುಡುಗರು ಬರತೊಡಗಿದರು. ಕೆಲವರಿಗೆ ವಾರಾನ್ನ, ದಿನಕ್ಕೊಂದು ಮನೆಯಲ್ಲಿ ಊಟ. ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಉಚಿತ ಪ್ರಸಾದನಿಲಯ ನಡೆಸಿ ಸಾವಿರಾರು ವಿದ್ಯಾರ್ಥಿಗಳಿಗೆ ಆಸರೆಯಾದರು. ಬೇರೆ ಬೇರೆ ಸಮಾಜಗಳ ಬೋರ್ಡಿಂಗುಗಳೂ ಎದ್ದವು. ಬೋರ್ಡಿಂಗು ಎಂದರೆ ಊಟ-ವಸತಿ ಮಾತ್ರವಲ್ಲ. ಕಾಲೇಜಿಗೆ ನಡೆದು ಹೋಗುವ ದೂರದಲ್ಲಿ ಗುರ್ತಿನ ಒಂದು ಓಣಿಯನ್ನೇ ಕೊಟ್ಟಂತೆ. ಈ ಆಸರೆ ಸಿಗದ ನಮ್ಮ ಹುಡುಗರು ಬಂಧುಗಳ ಮನೆಯ ಪಡಸಾಲೆಯಲ್ಲಿ ಮಲಗಿ, ಖಾನಾವಳಿಯಲ್ಲಿ ಉಂಡು, ಬಹಳಷ್ಟು ದೂರ ನಡೆದು ಓದಿದರು. ಹುಡುಗಿಯರ ಮಾತು ಎತ್ತುವಂತೆಯೇ ಇರಲಿಲ್ಲ.

ಸ್ವಾತಂತ್ರ್ಯದ ನಂತರ ನಗರದ ಅಳತೆಯೇ ಬದಲಾಯಿತು. 1947ರಲ್ಲಿ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು, 1957ರಲ್ಲಿ ವೈದ್ಯಕೀಯ ಕಾಲೇಜು ಹುಬ್ಬಳ್ಳಿಯ ವಿದ್ಯಾನಗರದ ಕಡೆ ಬಂದವು. ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡದ ಹೊರವಲಯದ ಗುಡ್ಡದ ಮೇಲೆ ನಿಂತಿತು. 1962ರಲ್ಲಿ ಎರಡೂ ಊರು ಸೇರಿ ಒಂದೇ ಮಹಾನಗರಪಾಲಿಕೆಯಾಯಿತು. ನಡುವೆ ನವನಗರ ಹುಟ್ಟಿತು. ಹೊಸ ಬಡಾವಣೆಗಳಲ್ಲಿ ಗಾಳಿ ಬೆಳಕು ಧಾರಾಳ, ಗಿಡಮರ ಧಾರಾಳ. ಆದರೆ ಕಟ್ಟೆ ಇಲ್ಲ, ಅಂಗಡಿ ದೂರ. ಸೈಕಲ್ಲೋ ಸ್ಕೂಟರೋ ಇದ್ದವರ ಅಳತೆಗೆ ಹಾಕಿದ ರಸ್ತೆಗಳು ಅವು. ಹಳೇ ಹುಬ್ಬಳ್ಳಿಯಿಂದ ವಿದ್ಯಾನಗರ ಐದಾರು ಕಿಲೋಮೀಟರು. ನಕ್ಷೆಯಲ್ಲಿ ಅದು ದೂರವಲ್ಲ, ದಿನಕ್ಕೆರಡು ಸಲ ನಡೆಯುವವರಿಗೆ ದೂರ.

ನಡೆಯುವುದು ಬೇಡ, ಅಲ್ಲೇ ಖೋಲಿ ಹಿಡಿಯೋಣವೆಂದರೆ? ನಾನು ವಿದ್ಯಾರ್ಥಿಯಾಗಿದ್ದಾಗ ಕಾಲೇಜಿನ ಸಮೀಪದ ಒಂದು ಮನೆಗೆ ಖೋಲಿ ಕೇಳಲು ಹೋಗಿದ್ದೆ. ಮಾತುಕತೆ ಮುಗಿದು, ಬಾಡಿಗೆ ಒಪ್ಪಿ, ಕೊನೆಗೆ ಹೆಸರು ಕೇಳಿದರು. ಹೇಳಿದೆ. “ಅಯ್ಯ, ಮರತೇ ಬಿಟ್ಟಿದ್ದೆ ನೋಡ್ರಿ, ನಿನ್ನೇನ ಒಬ್ಬರಿಗೆ ಮಾತ ಕೊಟ್ಟಬಿಟ್ಟೇವಿ” ಎಂದರು. ‘ಖೋಲಿ ಬಾಡಿಗೆಗೆ ಇದೆ’ ಎಂಬ ಫಲಕ ಆ ಗೇಟಿನ ಮೇಲೆ ಮತ್ತೊಂದು ತಿಂಗಳು ಇತ್ತು. ಅದೇ ರಸ್ತೆಯ ಕೊನೆಯ ಮನೆಯಲ್ಲಿದ್ದ ನಿವೃತ್ತ ಲಿಂಗಾಯತ ಮಾಸ್ತರರು ಹೆಸರು ಕೇಳುವ ಮೊದಲೇ ಕೀಲಿಕೈ ಕೊಟ್ಟರು ಎಂಬುದನ್ನೂ ಹೇಳದಿದ್ದರೆ ನಾನು ಅನ್ಯಾಯ ಮಾಡಿದಂತೆ. ಮೂರು ವರ್ಷ ಅವರ ಮನೆಯಲ್ಲಿದ್ದೆ. ರಮಜಾನಿನಲ್ಲಿ ಸಹರಿಗೆ ನನ್ನನ್ನು ಎಬ್ಬಿಸುತ್ತಿದ್ದುದು ಅವರ ಕೆಮ್ಮು!

ಇದು ನನ್ನೊಬ್ಬನ ಅನುಭವವಲ್ಲ. 2005ರಲ್ಲಿ ನೇಮಕವಾಗಿ 2006ರ ನವೆಂಬರಿನಲ್ಲಿ ಸಂಸತ್ತಿನ ಮುಂದೆ ಬಂದ ಸಾಚಾರ್ ಸಮಿತಿಯ ವರದಿ ಇದನ್ನೇ ದೇಶದ ಮಟ್ಟದಲ್ಲಿ ದಾಖಲಿಸಿತು. ಮುಸ್ಲಿಮರಿಗೆ ತಮಗೆ ಬೇಕಾದ ಕಡೆ ಮನೆ ಬಾಡಿಗೆಗೆ ಸಿಗುವುದು ಕಷ್ಟವೆಂದೂ, ಅಭದ್ರತೆಯ ಭಾವನೆಯಿಂದ ಜನ ತಮ್ಮವರ ಮೊಹಲ್ಲಾಗಳಲ್ಲೇ ಗುಂಪುಗೂಡುತ್ತಿದ್ದಾರೆಂದೂ ಅದು ಹೇಳಿತು. ಹುಬ್ಬಳ್ಳಿಯೂ 1990ರ ದಶಕದ ಮೊದಲ ವರ್ಷಗಳಲ್ಲಿ ಗಲಭೆ, ಕರ್ಫ್ಯೂಗಳನ್ನು ಕಂಡಿದೆ. ಅಂಥ ದಿನಗಳ ನಂತರ ಯಾವ ತಂದೆಯೂ ಮಗಳಿಗೆ ಖೋಲಿ ಹುಡುಕುವಾಗ ಮೊದಲು ನಮ್ಮವರ ಓಣಿಯನ್ನೇ ನೋಡುತ್ತಾನೆ. ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕಲ್ಲವೇ? ನಮ್ಮವರ ಓಣಿಯಲ್ಲಿ ಖೋಲಿ ಸಿಕ್ಕಿತು, ಕಾಲೇಜು ದೂರವಾಯಿತು. ಪ್ರಾಯೋಗಿಕ ತರಗತಿ ಮುಗಿಯುವುದು ಐದಕ್ಕೆ, ಎರಡು ಟಂಟಂ ಬದಲಿಸಿ ಮನೆ ಸೇರುವಷ್ಟರಲ್ಲಿ ಕತ್ತಲು. ಮೊದಲ ವರ್ಷ ಗ್ರಂಥಾಲಯ ಬಿಟ್ಟಳು, ಎರಡನೆಯ ವರ್ಷ ಪ್ರಾಯೋಗಿಕ ತರಗತಿಯಲ್ಲಿ ಹಾಜರಿ ಕಡಿಮೆಯಾಯಿತು, ಮೂರನೆಯ ವರ್ಷ ಮದುವೆಯ ಮಾತು ಬಂದಿತು. ಇಂಥ ಹುಡುಗಿಯರನ್ನು ನಮ್ಮ ಸಂಸ್ಥೆಯ ಹಿರಿಯ ಸದಸ್ಯರು ಒಬ್ಬರಾದರೂ ಕಂಡಿದ್ದಾರೆ. ಅಂಕಪಟ್ಟಿಯಲ್ಲಿ ಅನುತ್ತೀರ್ಣ ಎಂದು ಬರೆದಿರುತ್ತದೆ. ದಾರಿ ಸರಿಯಿರಲಿಲ್ಲ ಎಂದು ಎಲ್ಲಿಯೂ ಬರೆದಿರುವುದಿಲ್ಲ.

ಈಗ ಸಂಚಾರ ಸುಲಭವಾಗಿದೆ ಎನ್ನುವವರಿದ್ದಾರೆ. ಒಪ್ಪೋಣ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಅಣ್ಣಿಗೇರಿ, ಕಲಘಟಗಿಗಳಿಂದ ದಿನವೂ ಹೋಗಿಬರುವ ಹುಡುಗಿಯರು ಹೆಚ್ಚಿದ್ದನ್ನು ನಾವೇ ನೋಡಿದ್ದೇವೆ. ಹುಬ್ಬಳ್ಳಿ-ಧಾರವಾಡ ನಡುವೆ ಚಿಗರಿ ಬಸ್ಸುಗಳು ಬಂದವು. 2018ರಲ್ಲಿ ಪ್ರಾಯೋಗಿಕವಾಗಿ ಓಡತೊಡಗಿ 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದವು. ಬಸ್ಸಿನೊಳಗೆ ಕುಳಿತವರಿಗೆ ಹಿತವೇ. ರಸ್ತೆಯ ಆಚೆಯಿಂದ ಈಚೆಗೆ ದಾಟಬೇಕಾದ ಮುದುಕಿಯನ್ನು ಒಮ್ಮೆ ಕೇಳಿ ನೋಡಿರಿ. ಬಸ್ಸು ಇಳಿದ ಮೇಲೆ ಮನೆಯವರೆಗಿನ ದಾರಿ ಇನ್ನೂ ಕಾಲಿನದೇ. 1901ರಲ್ಲಿ 60 ಸಾವಿರ ಇದ್ದ ಹುಬ್ಬಳ್ಳಿ, ಧಾರವಾಡವನ್ನೂ ಸೇರಿಸಿಕೊಂಡು 2011ರಲ್ಲಿ 9 ಲಕ್ಷ 43 ಸಾವಿರ ದಾಟಿತು. ಊರು ಎಷ್ಟೇ ದೊಡ್ಡದಾದರೂ ಒಬ್ಬ ಹುಡುಗಿ ದಿನವೂ ನಡೆಯುವುದು ಅದರಲ್ಲಿನ ಅರ್ಧ ಕಿಲೋಮೀಟರನ್ನು.

ಎರಡು ದಿನ ಬಿಟ್ಟು ಆ ತಂದೆ-ಮಗಳು ಬಂದಾಗ ನಾನು ಓಣಿಯ ಹೆಸರು ಹೇಳಲಿಲ್ಲ. ಸಪ್ತಾಪುರದ ಕಡೆ ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಗೆ ಬಂದ ಉತ್ತರ ಕರ್ನಾಟಕದ ಹುಡುಗಿಯರು ಬಹಳ ಜನ ಇರುತ್ತಾರೆ, ಪಿ.ಜಿ.ಗಳೂ ಖಾನಾವಳಿಗಳೂ ಇವೆ, ಅಲ್ಲಿಂದ ಶುರು ಮಾಡಿರಿ ಎಂದೆ. ಖೋಲಿಯನ್ನು ಹಗಲಿನಲ್ಲಿ ನೋಡಿ ಮುಂಗಡ ಕೊಡಬೇಡಿರಿ. ಕಾಲೇಜಿನ ಗೇಟಿನಿಂದ ಖೋಲಿಯವರೆಗೆ ಮಗ್ರಿಬ್ ನಮಾಜ್ ಆದ ಮೇಲೆ ಒಮ್ಮೆ, ಇಶಾ ಆದ ಮೇಲೆ ಇನ್ನೊಮ್ಮೆ ಇಬ್ಬರೂ ನಡೆಯಿರಿ. ತಂದೆ ಹತ್ತು ಹೆಜ್ಜೆ ಹಿಂದೆ ಇರಲಿ, ಮಗಳು ಮುಂದೆ ನಡೆಯಲಿ. ದಾರಿಯಲ್ಲಿ ಎಷ್ಟು ಅಂಗಡಿ ತೆರೆದಿವೆ, ಹೆಣ್ಣುಮಕ್ಕಳು ಓಡಾಡುತ್ತಿದ್ದಾರೆಯೇ, ಕಟ್ಟೆಯ ಮೇಲೆ ಕುಳಿತವರು ಹೇಗೆ ನೋಡುತ್ತಾರೆ, ಇದನ್ನು ಅವಳೇ ನೋಡಿ ಹೇಳಲಿ. ಮನೆ ಯಜಮಾನರಿಗೆ ಹೆಸರನ್ನು ಕೊನೆಗಲ್ಲ, ಮೊದಲೇ ಹೇಳಿಬಿಡಿರಿ. ಕೊಡದವರ ಬಾಗಿಲಲ್ಲಿ ಹೊತ್ತು ಹಾಳಾಗುವುದಿಲ್ಲ. ನಮ್ಮವರ ಓಣಿಯೇ ಆಗಬೇಕೆಂದಿಲ್ಲ, ನಮ್ಮವರು ಒಬ್ಬರಾದರೂ ಕರೆದರೆ ಕಾಲು ಗಂಟೆಯಲ್ಲಿ ನಡೆದು ಬರುವಂತಿದ್ದರೆ ಸಾಕು ಎಂದೂ ಹೇಳಿದೆ.

ಮೂರನೆಯ ದಿನ ರಾತ್ರಿ ಫೋನು ಬಂದಿತು. ತಂದೆ ಎರಡು ಮಾತಾಡಿ ಮಗಳ ಕೈಗೆ ಕೊಟ್ಟರು.

“ಎರಡ ಖೋಲಿ ಬ್ಯಾಡ ಅಂದೆ ಸರ್. ಮೂರನೇದು ಹಿಡದೇವ್ರಿ. ನಡುವ ಒಂದ ಕಡೆ ಲೈಟಿನ ಕಂಬ ಕೆಟ್ಟೈತಿ. ಆದ್ರ ಅಲ್ಲೇ ಒಂದ ಇಸ್ತ್ರಿ ಅಂಗಡಿ ಐತ್ರಿ, ಹತ್ತರ ತನಕಾ ತೆಗದಿರತೈತಂತ. ಅಂಗಡಿ ನಡಸೋ ಅಜ್ಜಿ ನಮ್ಮ ಅಬ್ಬಾನ್ನ ನೋಡಿ, ಯಾರ ಮನಿಗೆ ಬಂದೀರಿ ಅಂತ ಕೇಳಿದ್ಲು.”